ಎರಡನೇ ಏಟು ಬೀಳಲೇ ಇಲ್ಲ

ಸಿನಿಮಾದಲ್ಲಿ ತಲೆಗೆ ಏಟು ಬಿದ್ದರೆ ನೆನಪು ಹೋಗುತ್ತದೆ. ಇಂಟರ್‌ವಲ್ ಆದಮೇಲೆ ಇನ್ನೊಂದು ಏಟು ಬಿದ್ದರೆ ಹೋದದ್ದೆಲ್ಲ ವಾಪಸ್. ನಡುವೆ ಹೀರೋ ಹಣೆಗೆ ಬಿಳಿ ಬ್ಯಾಂಡೇಜು, ಅದರ ಮೇಲೊಂದು ಕೆಂಪು ಮಚ್ಚೆ. ಕೂದಲು ಮಾತ್ರ ಕೆಡುವುದಿಲ್ಲ. ಪೀಣ್ಯದ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಈ ಸೀನು ನನ್ನ ಸ್ಪೆಷಲ್ ಐಟಂ. ತಟ್ಟೆಯಿಂದ ತಲೆಗೆ ಬಡಿದುಕೊಂಡು, ಕಣ್ಣುಗುಡ್ಡೆ ಮೇಲೆ ಮಾಡಿ, "ನಾನ್ಯಾರು? ನೀವೆಲ್ಲ ಯಾರು?" ಅಂದರೆ ಸಾಕು, ಸಾಂಬಾರು ಬಡಿಸುವ ಅಕ್ಕ ಸೌಟು ಹಿಡಿದುಕೊಂಡೇ ನಗುತ್ತಾ ನಿಂತುಬಿಡುತ್ತಿದ್ದರು.

ಆಮೇಲೆ ನನಗೇ ಏಟು ಬಿತ್ತು. ಡ್ಯೂಟಿ ಮುಗಿಸಿ ದಾಸರಹಳ್ಳಿಯ ರೂಮಿಗೆ ಬರುವಾಗ ತಿರುವಿನಲ್ಲಿ ಮರಳಿತ್ತು, ಬೈಕು ಜಾರಿತು. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದೆ. ಮೊಣಕೈಗೆ ಏನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಸಿನಿಮಾದ ಹಾಗೆ ಏನೂ ನಡೆಯಲಿಲ್ಲ. ನಾನು ಯಾರೆಂದು ಗೊತ್ತಿತ್ತು. ಊರಿಂದ ಓಡಿಬಂದಿದ್ದ ಅಮ್ಮ ಗೊತ್ತು, ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಲೇತ್ ಮೆಷಿನ್ನಿನಲ್ಲಿ ಕೆಲಸ ಮಾಡುವ, ಗದಗ ಕಡೆಯ ನನ್ನ ರೂಮ್‌ಮೇಟು ಗೊತ್ತು. ಹಳೆಯದೆಲ್ಲ ಇದ್ದಲ್ಲೇ ಇತ್ತು. ಹೊಸದು ಮಾತ್ರ ನಿಲ್ಲುತ್ತಿರಲಿಲ್ಲ. ಅಮ್ಮ ಇಡ್ಲಿ ತಿನ್ನಿಸಿ ತಟ್ಟೆ ತೊಳೆದು ಬರುವಷ್ಟರಲ್ಲಿ "ಇವತ್ತು ತಿಂಡಿ ಏನಮ್ಮ?" ಅನ್ನುತ್ತಿದ್ದೆ.

"ನಾಟಕ ಬಿಡಲೇ, ಅವ್ವ ಅಂಜಾಕತ್ಯಾಳ," ಅಂದ ರೂಮ್‌ಮೇಟು. ನಾಟಕವಲ್ಲವೆಂದು ಖಾತ್ರಿಯಾದ ದಿನ, ನನಗೆ ಜ್ಞಾಪಕಶಕ್ತಿಯ ಅಭ್ಯಾಸ ಮಾಡಿಸುತ್ತಿದ್ದ ಮೇಡಂ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ಮೇಡಂ, ಇನ್ನೊಂದು ಸಣ್ಣ ಏಟು ಬಿದ್ರ ಆರಾಮ ಆಕ್ಕೈತಿ ಅಂತಾರಲ್ರೀ?"

"ಏಟು ಕೊಟ್ಟೋರನ್ನೂ ಪಕ್ಕದ ಬೆಡ್ಡಲ್ಲಿ ಮಲಗಿಸ್ತೀನಿ," ಅಂದರು ಮೇಡಂ. ನನ್ನ ಕೈಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, "ಎಲ್ಲಾ ಬರೀಬೇಕು. ನಿಧಾನಕ್ಕೆ ಸುಧಾರಿಸುತ್ತೆ. ಎಷ್ಟು ಅಂತ ಈಗ್ಲೇ ಹೇಳಕ್ಕಾಗಲ್ಲ," ಅಂದರು.

ಮೂರು ತಿಂಗಳಾದ ಮೇಲೆ ಫ್ಯಾಕ್ಟರಿಗೆ ಹೋದರೆ, ತಲೆಗೆ ಏಟು ಬಿದ್ದವನಿಗೆ ಸದ್ಯ ಮೆಷಿನ್ ಬೇಡ ಅಂತ ಸೂಪರ್‌ವೈಸರ್ ನನ್ನನ್ನು ಪ್ಯಾಕಿಂಗಿಗೆ ಹಾಕಿದರು. ಐದು ವರ್ಷ ಲೇತ್ ಓಡಿಸಿದ ಕೈ ಡಬ್ಬಕ್ಕೆ ಟೇಪು ಅಂಟಿಸುತ್ತಿತ್ತು. ನನ್ನ ಮೆಷಿನ್ ವಾಪಸ್ ಕೊಡಿ ಅಂತ ದಿನಾ ಹೋಗಿ ನಿಂತೆ. ಕೊನೆಗೆ ಅವರು, "ಹತ್ತು ಶಾಫ್ಟ್ ಅಳೆದು ಶೀಟಲ್ಲಿ ಬರಿ. ಸೋಮವಾರ. ಒಂದು ತಪ್ಪಿದ್ರೂ ಪ್ಯಾಕಿಂಗೇ," ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾವು ಕಡೆಯುವ ಉಕ್ಕಿನ ಕಂಬಿಯ ಒಂದು ಅಳತೆ ತಪ್ಪಿದರೆ ಕೊಂಡವರಿಂದ ಇಡೀ ಲಾಟ್ ವಾಪಸ್ ಬರುತ್ತದೆ.

ದಪ್ಪ ಅಳೆಯುವ ರೂಮ್‌ಮೇಟಿನ ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ರೂಮಿನಲ್ಲಿ ಅಭ್ಯಾಸಕ್ಕೆ ಕೂತೆ. ನನ್ನನ್ನು ನೋಡಿಕೊಳ್ಳಲು ಉಳಿದಿದ್ದ ಅಮ್ಮನ ಬಳೆ ಅಳೆದೆ, ಸೌಟಿನ ಹಿಡಿ ಅಳೆದೆ, ಚಪಾತಿ ಎಷ್ಟು ದಪ್ಪವೆಂದು ಅಳೆದೆ. ಮುದ್ದೆಗೆ ವರ್ನಿಯರ್ ಬಾಯಿ ಸಾಲಲಿಲ್ಲ. ಅಳೆಯುವುದು ಕಷ್ಟವಿರಲಿಲ್ಲ. ಅಂಕಿ ಓದಿ, ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಅದು ಮಾಯವಾಗುತ್ತಿತ್ತು. ವರ್ನಿಯರ್ ಮೇಲೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಬಿಗಿ ಮಾಡಿದರೆ ಅಳತೆ ಹಾಗೇ ನಿಲ್ಲುತ್ತದೆ, ನೋಡಿಕೊಂಡು ಬರೆಯಬಹುದು. ಆದರೆ ನಮ್ಮ ಶಾಪಿನಲ್ಲಿ ಅದನ್ನು ಮುಟ್ಟುವವರು ಹೊಸಬರು ಮಾತ್ರ. ಮುಟ್ಟಿದವರ ಮಿಮಿಕ್ರಿಯನ್ನು ಮಾಡಿ ಅಳಿಸಿದವನು ನಾನೇ.

ಇನ್ನೊಂದು ಪೀಕಲಾಟವಿತ್ತು: ನನ್ನ ಮರೆವಿನ ವಿಷಯ ಫ್ಯಾಕ್ಟರಿಯಲ್ಲಿ ರೂಮ್‌ಮೇಟಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಒಬ್ಬರನ್ನು "ಮಗಳಿಗೆ ಜ್ವರ ಬಿಡ್ತಾ ಅಣ್ಣ?" ಎಂದು ಮೂರು ಸಲ ಕೇಳಿದ್ದೆನಂತೆ. ಮೂರನೇ ಸಲಕ್ಕೆ ಇಡೀ ಟೇಬಲ್ ಬಿದ್ದು ಬಿದ್ದು ನಕ್ಕಿತು. "ಸಕ್ಕತ್ತಾಗಿ ಮಾಡ್ತೀಯ ಮಗಾ." ನಾನೂ ನಕ್ಕೆ. ಹುಷಾರಿಲ್ಲದವನಾಗುವುದಕ್ಕಿಂತ ಕಲಾವಿದನಾಗುವುದು ಸುಲಭ.

ಸೋಮವಾರ ಟೇಬಲ್ ಸುತ್ತ ಎಲ್ಲರೂ ನೆರೆದಿದ್ದರು. ಜಂಬಕ್ಕೆ ಸ್ಕ್ರೂ ಮುಟ್ಟಲಿಲ್ಲ. ಮೂರು ಶಾಫ್ಟ್ ಸರಿಯಾಗಿ ಬರೆದೆ. ನಾಲ್ಕನೆಯದನ್ನು ಅಳೆದು ಕೆಳಗಿಟ್ಟೆ, ಪೆನ್ನು ಎತ್ತಿದೆ. ಅಂಕಿ ಇಲ್ಲ. ಸುಮ್ಮನೆ ಶೀಟ್ ನೋಡುತ್ತಾ ಕೂತೆ.

"ಶುರುವಾಯ್ತು ಗುರು," ಅಂದರು ಹಿಂದಿನಿಂದ ಯಾರೋ. ನಗು ಎದ್ದಿತು. ಸೂಪರ್‌ವೈಸರ್ ತುಟಿಯೂ ಅಲುಗಿತು. ಈಗ ಕಣ್ಣುಗುಡ್ಡೆ ಮೇಲೆ ಮಾಡಿ "ನಾನ್ಯಾರು?" ಅಂದುಬಿಟ್ಟರೆ ಬಚಾವ್, ನಗುವಿನ ಗಲಾಟೆಯಲ್ಲಿ ಇನ್ನೊಂದು ಸಲ ಅಳೆಯಬಹುದು. ಬಾಯಿ ಅರ್ಧ ತೆರೆದೂ ಇದ್ದೆ. ಆದರೆ ಮೆಷಿನ್ ಸಿಕ್ಕಮೇಲೆ ದಿನಕ್ಕೆ ನೂರಾರು ಪೀಸು. ನೂರು ಸಲ ನಗಿಸಿಕೊಂಡಿರಲು ಆಗುವುದಿಲ್ಲ.

"ಇದು ಆಕ್ಟಿಂಗ್ ಅಲ್ಲ ಸಾರ್," ಅಂದೆ. "ನಿಜವಾಗ್ಲೂ ಮರ್ತೋಯ್ತು. ಕ್ಯಾಂಟೀನಲ್ಲಿ ಮಾಡಿದ್ದೂ ಆಕ್ಟಿಂಗ್ ಅಲ್ಲ. ಅಳೆಯಕ್ಕೆ ಬರುತ್ತೆ, ಇಟ್ಕೊಳ್ಳಕ್ಕೆ ಆಗ್ತಿಲ್ಲ. ಇನ್ನೊಂದ್ಸಲ ಅಳೀತೀನಿ, ನನ್ನ ರೀತೀಲಿ."

ನಗು ನಿಂತಿತು. ನಾಲ್ಕನೇ ಶಾಫ್ಟ್ ಮತ್ತೆ ಎತ್ತಿಕೊಂಡು ವರ್ನಿಯರ್ ಹಿಡಿದೆ, ಎಲ್ಲರೂ ನೋಡುವ ಹಾಗೆ ಸ್ಕ್ರೂ ಬಿಗಿ ಮಾಡಿದೆ. ನೋಡಿ ಬರೆದೆ, ಮತ್ತೆ ನೋಡಿ ತಾಳೆ ಹಾಕಿದೆ, ಸಡಿಲ ಮಾಡಿದೆ. ಐದು. ಆರು. ಹೊಸಬನಿಗಿಂತ ನಿಧಾನ.

ಮುಗಿದ ಮೇಲೆ ಸೂಪರ್‌ವೈಸರ್ ತಮ್ಮ ಮೈಕ್ರೋಮೀಟರ್ ತೆಗೆದು ಹತ್ತನ್ನೂ ತಾವೇ ಅಳೆದು ನೋಡಿದರು.

"ಸರಿಯಿದೆ," ಅಂದರು. "ಸ್ಪೀಡ್ ಆಮೇಲೆ ಬರ್ಲಿ. ಸ್ಕ್ರೂ ಮಾತ್ರ ಬಿಡ್ಬೇಡ. ನಾಳೆ ಬೆಳಿಗ್ಗೆಯಿಂದ ನಿನ್ನ ಮೆಷಿನ್."

"ಒಂದ್ನಿಮಿಷ ಸಾರ್, ಬರ್ಕೊಂಡ್ಬಿಡ್ತೀನಿ," ಎಂದು ನೋಟ್‌ಬುಕ್ ತೆಗೆದು, ಅವರ ಮುಂದೆಯೇ ಬರೆದೆ: ನಾಳೆ ಬೆಳಿಗ್ಗೆ, ನನ್ನ ಮೆಷಿನ್.

ದಾಸರಹಳ್ಳಿ ಬರುವಷ್ಟರಲ್ಲಿ ಬಸ್ಸಿನಲ್ಲಿ ಆ ಪುಟವನ್ನು ನಾಲ್ಕು ಸಲ ತೆಗೆದು ಓದಿದೆನಂತೆ, ರೂಮ್‌ಮೇಟು ಎಣಿಸಿದ್ದಾನೆ. ನಾಲ್ಕು ಸಲವೂ ಅಷ್ಟೇ ಖುಷಿಪಟ್ಟೆನಂತೆ.