ಗರಡಿಯಲ್ಲಿ ನನ್ನ ಕಸರತ್ತು
ಮಧುಗಿರಿ ಬೆಟ್ಟವನ್ನು ನಡುವೆ ಎಲ್ಲೂ ಕೂರದೆ ಹತ್ತಿದವನಿಗೇ ಮಹಾರಾಜರ ಸರ್ಕಾರದ ಸರ್ವೆ ಕೆಲಸ ಎಂದರು ಅಮಲ್ದಾರರು. ಆ ಕೆಲಸಕ್ಕಾಗಿ ಹೊಟ್ಟೆ ಕರಗಿಸಿ ತೋಳು ಬೆಳೆಸಲು ನಾನು ಗರಡಿ ಸೇರಿದೆ. ಉಸ್ತಾದರು ಎತ್ತಲು ಗುಂಡುಕಲ್ಲು ಕೊಟ್ಟರು. ಕಲ್ಲು ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ. ಅವರು ನನ್ನ ಗಾತ್ರವನ್ನು ಪ್ರೀತಿಯಿಂದ ನೋಡಿ, ಕುಸ್ತಿಯ ಮಣ್ಣು ಸಮ ಮಾಡುವ ಹಲಗೆಯ ಮೇಲೆ ಕೂರಿಸಿದರು. ದಿನಾ ಬೆಳಿಗ್ಗೆ ಒಬ್ಬ ಪೈಲ್ವಾನ ಹಗ್ಗ ಹಿಡಿದು ನನ್ನನ್ನು ಗರಡಿಯ ತುಂಬಾ ಎಳೆದಾಡಿದ.

“ಉಸ್ತಾದರೇ, ನನ್ನ ಕಸರತ್ತು ಯಾವಾಗ?”

“ಗಟ್ಟಿಯಾಗಿ ಕೂತ್ಕಳಿ ಸಾಮಿ, ಅದೇ ಕಸರತ್ತು. ತುಪ್ಪ ಮಾತ್ರ ಬುಡಬ್ಯಾಡಿ. ನೀವು ಸೊರಗಿದ್ರೆ ಎಳಿಯೋ ನಮ್ಮುಡುಗನ ಕಸರತ್ತು ಕೆಟ್ಟೋಯ್ತದೆ!”

ಕೊನೆಗೆ ಬೆಟ್ಟವನ್ನು ಓಡಿಕೊಂಡೇ ಹತ್ತಿ ಕೆಲಸ ಹೊಡೆದುಕೊಂಡವನು ಆ ಪೈಲ್ವಾನನೇ. ಹತ್ತದೆ ಏನು ಮಾಡಿಯಾನು? ಅವನು ಎಳೆದದ್ದು ಅಂಥಿಂಥ ಭಾರವಲ್ಲ ಸ್ವಾಮಿ!