ಶಶಿಕಲಾಳ ಚಿತ್ರಗಳನ್ನು ಮುಟ್ಟಿದ್ದು ನಾನು

ಶಶಿಕಲಾ ಮೋಸ ಮಾಡಿರಲಿಲ್ಲ. ಅವಳ ಸಂಶೋಧನೆಯ ಚಿತ್ರಗಳಿಗೆ ಕೈ ಹಾಕಿದವಳು ನಾನು — ನಳಿನಿ, ಆಗ ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದವಳು, ಅವಳ ಗೆಳತಿ ಅನ್ನಿಸಿಕೊಂಡವಳು. ಇಷ್ಟು ಬರೆಯಲು ನನಗೆ ಹದಿನೈದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವತ್ತು ಫೋನಿನಲ್ಲೇ ಹೇಳಿಬಿಟ್ಟಿದ್ದರೆ ಅರ್ಧ ನಿಮಿಷದ ಮಾತು.

ಶಶಿಕಲಾ ಮಲ್ಪೆಯವಳು. ಅವಳ ಅಪ್ಪ ದೋಣಿಯಲ್ಲಿ ದುಡಿದು ಅವಳನ್ನು ಓದಿಸಿದ್ದರು. ಕೊಚ್ಚಿಯ ಒಂದು ಸಂಸ್ಥೆಯಲ್ಲಿ ಅವಳು ಮೀನುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಎರ್ನಾಕುಲಂನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಮ್ಮಿಬ್ಬರಿಗೂ ಬಿಸಿಬೇಳೆ ಭಾತ್ ಬಡಿಸುವ ಕೆಲಸ ಬಿದ್ದು ಪರಿಚಯವಾಯಿತು. ಆಮೇಲೆ ತಿಂಗಳಿಗೆ ಎರಡು ಶನಿವಾರ ನಾನು ಬಸ್ಸು ಹತ್ತಿ ಕೊಚ್ಚಿಯ ವೈಟ್ಟಿಲದಲ್ಲಿ ಇಳಿಯುತ್ತಿದ್ದೆ, ಅವಳು ಅಲ್ಲಿ ಕಾದಿರುತ್ತಿದ್ದಳು. ಕನ್ನಡ ಮಾತಾಡುವುದಕ್ಕೆಂದೇ ಅಷ್ಟು ದೂರ ಹೋಗುತ್ತಿದ್ದೆ ಎಂದರೆ ನೀವು ನಗಬಹುದು.

ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲು ಇರುತ್ತದೆ. ಅದನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೆರೆಗಳು ಕಾಣುತ್ತವೆ, ದಿನಕ್ಕೊಂದರಂತೆ ಬೆಳೆದ ಗೆರೆಗಳು. ಅವನ್ನು ಎಣಿಸಿದರೆ ಮರಿ ಹುಟ್ಟಿ ಎಷ್ಟು ದಿನವಾಯಿತೆಂದು ಹೇಳಬಹುದು. ಶಶಿಕಲಾ ಬಂಗುಡೆ ಮೀನಿನ ಮರಿಗಳ ಗೆರೆ ಎಣಿಸುತ್ತಿದ್ದಳು. ಅದಕ್ಕೆ ಒಂದು ಡಿಜಿಟಲ್ ಕ್ಯಾಮೆರಾ ಬೇಕಾಗಿತ್ತು, ಅದೂ ಅವಳ ಕೈಗೆಟುಕುವಂಥದ್ದು. ಸಾಮಾನ್ಯ ಕ್ಯಾಮೆರಾ ಚಿತ್ರವನ್ನು ಜೆಪೆಗ್ ಮಾಡಿ ಇಡುತ್ತದೆ — ಫೈಲು ಚಿಕ್ಕದಾಗಲೆಂದು ಸಣ್ಣಪುಟ್ಟ ವಿವರಗಳನ್ನು ಬಿಸಾಕಿಬಿಡುತ್ತದೆ. ಬಿಸಾಕಿದ್ದು ಮತ್ತೆ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಸಣ್ಣಪುಟ್ಟ ವಿವರವೇ.

"ನಂಗೆ ಈ ಪಿಕ್ಸೆಲ್, ಮೆನು ಎಲ್ಲ ಅರ್ಥ ಆಗುದಿಲ್ಲ ಮಾರಾಯ್ತಿ," ಅಂದಳು. "ನಮ್ಮ ಗೈಡ್ ಸರ್ ಹೇಳಿದ್ದು ಒಂದೇ, ಫೈಲು ಟಿಫ್ ಆಗಿರ್ಬೇಕಂತೆ, ಎಂತದೂ ಕಳೀಬಾರ್ದಂತೆ. ಉಳಿದದ್ದು ನೀನೇ ನೋಡು."

ನನಗೆ ಅದಕ್ಕಿಂತ ಇನ್ನೇನು ಬೇಕು! ಆಫೀಸಿನಲ್ಲಿ ಯಾರಿಗೆ ಕ್ಯಾಮೆರಾ ಬೇಕಾದರೂ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ಆ ಜಂಭ ನನಗೆ ಸಂಬಳಕ್ಕಿಂತ ಹೆಚ್ಚು ಹಿತವಾಗಿತ್ತು. ಎರಡು ವಾರ ಕೂತು ಟಿಫ್ ಕೊಡುವ ಒಂದು ಮಾದರಿ ಆರಿಸಿದೆ. ಕೊಚ್ಚಿಯ ಅಂಗಡಿಗೆ ಹೋದರೆ ಅದು ಇರಲಿಲ್ಲ, ಅದೇ ಕಂಪನಿಯ ಇನ್ನೊಂದು ಇತ್ತು, ಬೆಲೆಯೂ ಕಡಿಮೆ. ಶಶಿಕಲಾಳ ಮುಖ ಅರಳಿತು. ಒಂದು ಸಲ ಡಬ್ಬಿಯೊಳಗಿನ ಪುಸ್ತಕ ನೋಡಿಕೊಳ್ಳಿ ಅಕ್ಕಾ ಎಂದು ಅಂಗಡಿಯವನು ಮಲಯಾಳದಲ್ಲಿ ಹೇಳಿದ. ಬೇಡ, ನನಗೆ ಗೊತ್ತು ಎಂದೆ — ಅವಳ ಎದುರಿಗೆ, ಅಷ್ಟು ಜನರ ಎದುರಿಗೆ. ನನಗೆ ಗೊತ್ತಿರಲಿಲ್ಲ.

ಅವಳ ಲ್ಯಾಬಿನ ಹಳೇ ಕಂಪ್ಯೂಟರಿಗೆ ಮೆಮೊರಿ ಕಾರ್ಡು ಓದಲು ಬರುತ್ತಿರಲಿಲ್ಲ. ಎರಡು ಕಾರ್ಡು ಇಟ್ಟುಕೊಂಡಿದ್ದೆವು. ತುಂಬಿದ್ದನ್ನು ಅವಳು ನನಗೆ ಕೊಡುವುದು, ಅದರಲ್ಲಿದ್ದದ್ದನ್ನು ನಾನು ಸಿಡಿಗೆ ಹಾಕಿ ಮುಂದಿನ ಸಲ ಕೊಡುವುದು. ಮೊದಲನೇ ಕಾರ್ಡನ್ನು ಆಫೀಸಿನಲ್ಲಿ ತೆರೆದೆ. ಎಲ್ಲವೂ ಜೆಪೆಗ್. ಉಳ್ಳೂರಿನ ನನ್ನ ರೂಮಿಗೆ ಓಡಿ ಬಂದು, ನನ್ನ ಬಳಿಯೇ ಉಳಿದಿದ್ದ ಕ್ಯಾಮೆರಾದ ಪುಸ್ತಕ ಹುಡುಕಿ ಓದಿದೆ. ಆ ಕ್ಯಾಮೆರಾದಲ್ಲಿ ಟಿಫ್ ಇರಲೇ ಇಲ್ಲ.

ಆಗಲೇ ಹೇಳಬಹುದಿತ್ತು. ವಾಪಸ್ ಕೊಡಲು ಇನ್ನೂ ಅವಕಾಶವಿತ್ತು. ಅವಳು ಒಂದು ಮಾತು ಬೈದು ನಕ್ಕುಬಿಡುತ್ತಿದ್ದಳು, ಅವಳು ಅಂಥವಳೇ. ಆದರೆ ನಾನು — ತಪ್ಪಿದೆ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಒಂದು ಸಣ್ಣ ಪ್ರೋಗ್ರಾಮು ಬರೆದೆ. ಆ ಜೆಪೆಗ್‌ಗಳನ್ನೆಲ್ಲ ಅದು ಟಿಫ್ ಮಾಡಿಬಿಡುತ್ತಿತ್ತು. ಹೆಸರು ಟಿಫ್, ಗಾತ್ರ ಟಿಫ್‌ನದ್ದು, ಒಳಗೆ ಮಾತ್ರ ಕಳೆದುಹೋದದ್ದು ಕಳೆದೇ ಹೋಗಿತ್ತು. ನೀರು ಬೆರೆಸಿದ ಹಾಲನ್ನು ದೊಡ್ಡ ಪಾತ್ರೆಗೆ ಸುರಿದು ಕೊಟ್ಟ ಹಾಗೆ. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾಡಿದೆ.

ಒಮ್ಮೆ ಅವಳೇ ಕೇಳಿದಳು: "ಟಿಫ್ ಆದ್ರೆ ಒಂದು ಕಾರ್ಡಲ್ಲಿ ಹತ್ತು ಚಿತ್ರ ಹಿಡಿದ್ರೆ ಹೆಚ್ಚು ಅಂತ ಸರ್ ಹೇಳಿದ್ರು. ಇದ್ರಲ್ಲಿ ಇಷ್ಟೊಂದು ಹೇಗೆ ಹಿಡೀತದೆ?" ಹೊಸ ಥರದ ಕಾರ್ಡು ಕಣೇ ಎಂದೆ. ಹೌದಾ ಅಂದಳು. ಅಷ್ಟು ಸುಲಭವಾಗಿ ನಂಬಿದಳಲ್ಲ ಎಂದು ಆಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಪ್ರಬಂಧ ಒಪ್ಪಿಸುವ ಹೊತ್ತಿಗೆ ಅವಳ ಗೈಡು ಚಿತ್ರಗಳನ್ನು ತುಂಬ ದೊಡ್ಡದು ಮಾಡಿ ನೋಡಿದರು. ಗೆರೆಗಳ ಸುತ್ತ ಚಿಕ್ಕ ಚಿಕ್ಕ ಚೌಕಗಳು. ಜೆಪೆಗ್ ಬಿಡುವ ಗುರುತು ಅದು, ಟಿಫ್‌ನಲ್ಲಿ ಇರಬಾರದು. ಯಾರೋ ಚಿತ್ರ ತೆರೆದು ಏನೋ ಮಾಡಿ ಮತ್ತೆ ಉಳಿಸಿದ್ದಾರೆ ಎಂದು ಅವರಿಗೆ ಖಾತ್ರಿಯಾಯಿತು. ಎಣಿಕೆ ಹೊಂದಿಸಲು ಗೆರೆ ತಿದ್ದಿದ್ದಾಳೆ ಎಂಬ ಸಂಶಯ ಹುಟ್ಟಿತು. ಅವರು ಕೂಗಾಡುವ ಮನುಷ್ಯರಲ್ಲ. "ಸತ್ಯಂ ಪರ ಮೋಳೇ" ಎಂದು ಕೇಳಿದರಂತೆ, ನಿಜ ಹೇಳು ಮಗಳೇ ಎಂದು. ನಾನು ಮುಟ್ಟಿಲ್ಲ ಸರ್, ಸಿಡಿ ಮಾಡಿದ ಗೆಳತಿಯನ್ನು ಕೇಳೋಣ ಎಂದು ಅವಳು ಅವರ ಕೋಣೆಯಿಂದಲೇ ನನಗೆ ಫೋನು ಮಾಡಿದಳು. ಸ್ಪೀಕರ್ ಹಾಕಿದ್ದಾರೆಂದು ಮೊದಲೇ ಹೇಳಿದಳು.

"ನಳಿನಿ, ಸಿಡಿ ಮಾಡುವಾಗ ಫೈಲಿಗೆ ಎಂತಾದ್ರೂ ಮಾಡಿದ್ಯಾ? ಇದ್ದದ್ದು ಇದ್ದ ಹಾಗೆ ಹೇಳು. ನಾನು ಬೈಯುದಿಲ್ಲ."

ನಾನು ಆಫೀಸಿನ ಕಾರಿಡಾರಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಸಹೋದ್ಯೋಗಿಗಳು ಚಹಾ ಕುಡಿಯುತ್ತಿದ್ದರು. "ಇಲ್ಲ. ಅವಳು ಕೊಟ್ಟದ್ದನ್ನು ಹಾಗೇ ಸಿಡಿಗೆ ಹಾಕಿ ಕೊಟ್ಟಿದ್ದೇನೆ, ಅಷ್ಟೇ." ಇದನ್ನು ನಾನು ಕನ್ನಡದಲ್ಲಿ ಹೇಳಲಿಲ್ಲ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿದೆ — ಗೈಡಿಗೆ ಅರ್ಥವಾಗಲಿ, ನನ್ನ ಮೇಲೆ ಏನೂ ಬರದಿರಲಿ ಎಂದು. ಅವಳು "ಆಯ್ತು" ಅಂದಳು. ಅದು ಅವಳು ನನಗೆ ಫೋನಿನಲ್ಲಿ ಹೇಳಿದ ಕೊನೆಯ ಮಾತು.

ಅವಳ ಪ್ರಬಂಧ ನಿಂತುಹೋಯಿತು. ಮತ್ತೆ ಮೊದಲಿನಿಂದ ಮಾಡಲು ಯಾರೂ ಬಿಡಲಿಲ್ಲ. ಹಾಸ್ಟೆಲಿನ ಸಾಮಾನು ಕಟ್ಟಿಕೊಂಡು ಊರಿಗೆ ಹೋದಳೆಂದು ಸಂಘದವರಿಂದ ತಿಳಿಯಿತು. ಛೇ ಪಾಪ ಎಂದು ಎಲ್ಲರ ಜೊತೆ ನಾನೂ ಅಂದೆ. ಅವಳು ತೆಗೆದ ಮೂಲ ಜೆಪೆಗ್‌ಗಳು, ತೆಗೆದ ದಿನ ಗಂಟೆ ಸಮೇತ, ಅಷ್ಟೂ ಬೇರೆ ಸಿಡಿಗಳಲ್ಲಿ ನನ್ನ ಬಳಿ ಇದ್ದವು. ಅವನ್ನು ಒಯ್ದು ಕೊಟ್ಟಿದ್ದರೆ ಅವಳು ಒಂದು ಗೆರೆಯನ್ನೂ ತಿದ್ದಿಲ್ಲವೆಂದು ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಕೊಡಲಿಲ್ಲ. ಮನೆ ಬದಲಾಯಿಸಿದಾಗಲೆಲ್ಲ ಆ ಸಿಡಿಗಳನ್ನೂ ಕಟ್ಟಿಕೊಂಡು ಹೋದೆ. ಬಿಸಾಡುವ ಧೈರ್ಯವೂ ಇರಲಿಲ್ಲ, ಕೊಡುವ ಧೈರ್ಯವೂ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಲ್ಪೆಗೆ ಹೋದೆ. ಅವಳು ಅಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಬಾಗಿಲು ತೆಗೆದವಳು ಒಳಗೆ ಬಾ ಅಂದಳು, ಕುಡಿಯಲು ನೀರು ಕೊಟ್ಟಳು. ಸಿಡಿಗಳನ್ನು ಮುಂದಿಟ್ಟು ಎಲ್ಲ ಹೇಳಿದೆ. ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ.

"ಇದನ್ನು ನಂಗೆ ಯಾಕೆ ಹೇಳ್ತಿ?" ಅಂದಳು. "ನೀನು ಇಂಗ್ಲಿಷಲ್ಲಿ ಮಾತಾಡಿದಾಗ್ಲೇ ನಂಗೆ ಗೊತ್ತಾಗಿತ್ತು. ಗೊತ್ತಿಲ್ಲದವರಿಗೆ ಹೇಳು. ಸರ್‌ಗೆ ಹೇಳು. ಲ್ಯಾಬಲ್ಲಿ ಇದ್ದವರಿಗೆ ಹೇಳು. ಅಪ್ಪನಿಗೆ—"

ಅಲ್ಲಿಗೆ ನಿಲ್ಲಿಸಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಗೈಡು ನಿವೃತ್ತರಾಗಿದ್ದಾರೆ. ವಿಳಾಸ ಹುಡುಕಿ ಅವರಿಗೆ ಬರೆದೆ, ಸಿಡಿಯಲ್ಲಿದ್ದದ್ದನ್ನೆಲ್ಲ ಕಳಿಸಿದೆ. ಲ್ಯಾಬಿನಲ್ಲಿದ್ದ ಐವರಿಗೂ ಒಬ್ಬೊಬ್ಬರಿಗೇ ಬರೆದೆ. ಗೊತ್ತಿಲ್ಲದವರು ಇನ್ನೂ ಇರಬಹುದೆಂದು ಇದನ್ನು ಹೆಸರು ಹಾಕಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಲ್ಪೆಗೆ ಹೋಗುವ ಹೊತ್ತಿಗೆ ಶಶಿಕಲಾಳ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಮೋಸ ಮಾಡಿ ಸಿಕ್ಕಿಬಿದ್ದು ಓದು ಬಿಟ್ಟು ಬಂದಳು ಎಂದೇ ಅವರು ಕೊನೆಯವರೆಗೂ ನಂಬಿದ್ದರು.