ವೀರಣ್ಣ ಡೀಸೆಲ್ ಕದ್ದಿರಲಿಲ್ಲ

ಆ ಜೀಪು ಕೆಟ್ಟದ್ದು ನನ್ನ ಕೈಯಿಂದ. ಕಳ್ಳ ಅನ್ನಿಸಿಕೊಂಡು ಕೆಲಸ ಬಿಟ್ಟು ಹೋದವರು ವೀರಣ್ಣ. ಇದು ನನಗೆ ಗೊತ್ತಿತ್ತು — ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗ್ಯಾರೇಜು ಇಟ್ಟವನು. ಡೀಸೆಲ್ ಗಾಡಿಯಾದರೆ ಬಾಷಾನ ಹತ್ತಿರ ಒಯ್ಯಿರಿ ಎಂದು ಜನ ಹೇಳುತ್ತಿದ್ದ ಕಾಲವದು; ಆ ಮಾತು ನನ್ನ ತಲೆಗೂ ಏರಿತ್ತು. ವೀರಣ್ಣ ಕುರುಗೋಡಿನವರು, ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲಿನ ಸಾವ್ಕಾರರೊಬ್ಬರ ಡ್ರೈವರ್. ನನಗಿಂತ ದೊಡ್ಡವರು, ನಾನು ಅಣ್ಣ ಎನ್ನುತ್ತಿದ್ದೆ. ಸಾವ್ಕಾರರದು ಹಳೆಯ ಫೋರ್ ವೀಲ್ ಜೀಪು. ಮುಂದಿನ ಗಾಲಿಗಳಿಗೂ ಎಳೆತ ಇದ್ದುದರಿಂದ ಹೊಳೆದಂಡೆಯ ಗದ್ದೆಗಳ ಕೆಸರಿಗೆ ಅದೊಂದೇ ಗಾಡಿ ಇಳಿಯುತ್ತಿತ್ತು. ವೀರಣ್ಣ ಅದನ್ನು ನನ್ನ ಹತ್ತಿರ ತರುವ ಮುಂಚೆ ತೊಳೆದು ತರುತ್ತಿದ್ದರು. ನಾನು ಗಾಡಿಯ ಕೆಳಗೆ ಮಲಗಿದಾಗ ಕೆಸರು ನನ್ನ ಕಣ್ಣಿಗೆ ಉದುರಬಾರದಂತೆ. ಅಂಥ ಗಿರಾಕಿಯನ್ನು ನಾನು ಬೇರೆ ಕಂಡಿಲ್ಲ.

ಒಂದು ಬೇಸಿಗೆ, ಸರ್ವೀಸಿಗೆ ಬಂದಾಗ ಗಾಳಿ ಫಿಲ್ಟರ್ ಬಿಚ್ಚಿ ತೊಳೆದೆ. ತೆರೆದ ಕೊಳವೆಯಿಂದ ಎಂಜಿನ್ನಿಗೆ ದೂಳು ಇಳಿಯದಿರಲೆಂದು ಅದರ ಬಾಯಿಗೆ ಹಳೆ ಲುಂಗಿಯ ತುಂಡೊಂದನ್ನು ತುರುಕಿದ್ದೆ. ಎಲ್ಲ ಮೆಕ್ಯಾನಿಕ್‌ಗಳೂ ಮಾಡುವ ಕೆಲಸವೇ. ಫಿಲ್ಟರ್ ಕೂರಿಸುವಾಗ ಯಾರೋ ಮಾತಿಗೆ ಬಂದರು — ಬಟ್ಟೆ ಒಳಗೇ ಉಳಿಯಿತು. ಗಾಡಿ ಸ್ಟಾರ್ಟ್ ಆಯಿತು, ನಿಂತಲ್ಲಿ ಚೆನ್ನಾಗಿಯೇ ತಿರುಗಿತು. ವೀರಣ್ಣ ನಕ್ಕು ಹೊರಟರು.

ಕೆಲವು ದಿನಕ್ಕೆ ಮರಳಿ ಬಂದರು. "ಬಾಷಾ, ಗಾಡಿ ಎಳೆಯಂಗಿಲ್ಲಪ. ಬೀಜದ ಚೀಲ ಹೇರಿಕೊಂಡು ಕಾಲುವೆ ಏರಿ ಹತ್ತಾಕ ಹೋದರ ಅರ್ಧಕ್ಕ ಸೋತು ಬಿಡ್ತೈತಿ. ಡೀಸೆಲ್ಲೂ ಭಾಳ ಕುಡೀತೈತಿ. ಸಾವ್ಕಾರ್ರು ದಿನಾ ಕೇಳಾಕ ಹತ್ಯಾರ."

ನಾನು ಡೀಸೆಲ್ ಫಿಲ್ಟರ್ ಬದಲಿಸಿದೆ. ನಾಝಲ್‌ಗಳನ್ನು ಬಿಚ್ಚಿ ಒತ್ತಡ ನೋಡಿದೆ, ಪಂಪಿನ ಟೈಮಿಂಗ್ ನೋಡಿದೆ, ಬ್ರೇಕು ಹಿಡಿದುಕೊಂಡಿದೆಯೇ ಎಂದು ಗಾಲಿ ಎತ್ತಿ ತಿರುಗಿಸಿದೆ. ಎಲ್ಲವೂ ಸರಿ. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಹಿಂದೆ ಕಪ್ಪು ಹೊಗೆ. ಕಪ್ಪು ಹೊಗೆ ಅಂದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ, ಮೊದಲು ಗಾಳಿಯ ದಾರಿ ನೋಡಬೇಕು — ಇದು ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು. ಫಿಲ್ಟರ್ ಡಬ್ಬಿ ತೆರೆದೆ ಕೂಡ. ನಾನೇ ತೊಳೆದದ್ದು, ಶುಭ್ರವಾಗಿತ್ತು. ಮುಚ್ಚಿಬಿಟ್ಟೆ. ನಾನು ಮಾಡಿದ ಕೆಲಸದ ಹಿಂದೆ ಇನ್ನೇನು ಇರಲು ಸಾಧ್ಯ ಎಂಬ ಸೊಕ್ಕು — ಕೈಯನ್ನು ಇನ್ನೊಂದು ಗೇಣು ಒಳಗೆ ಹಾಕಿದ್ದರೆ...

ಮೂರನೇ ಸಲ ಸಾವ್ಕಾರರೇ ಜೊತೆಗೆ ಬಂದರು. ಗ್ಯಾರೇಜಿನ ಮುಂದೆ ಆಟೋದವರು, ಬೇರೆ ಗಿರಾಕಿಗಳು ನಿಂತಿದ್ದರು. ಎಲ್ಲರ ಎದುರಿಗೆ ಅವರು, "ನಿನ್ನ ಕೈಲಿ ಆಗಲ್ಲಂದ್ರ ಹೇಳಿಬಿಡು. ಹೊಸಪೇಟಿಗೆ ಒಯ್ತೀನಿ," ಎಂದರು.

ನನಗೆ ಗೊತ್ತಾಗುತ್ತಿಲ್ಲ ಎನ್ನಬೇಕಿತ್ತು. ಆ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಬದಲಿಗೆ, "ಎಂಜಿನ್ ಸರಿ ಐತ್ರಿ ಸಾವ್ಕಾರ್ರ. ಡೀಸೆಲ್‌ನಾಗ ಸೀಮೆಎಣ್ಣಿ ಕಲಸ್ಯಾರ," ಎಂದೆ.

ಸಾವ್ಕಾರರು ನಿಧಾನಕ್ಕೆ ವೀರಣ್ಣನ ಕಡೆ ತಿರುಗಿದರು. ಡೀಸೆಲ್ ಹೆಚ್ಚು ಖರ್ಚಾಗುತ್ತಿರುವುದು, ಅದರಲ್ಲಿ ಸೀಮೆಎಣ್ಣೆ — ಎರಡನ್ನೂ ಅವರು ಕೂಡಿಸಿಕೊಂಡರು. ಕದ್ದು ಮಾರಿ, ಟ್ಯಾಂಕಿನಲ್ಲಿ ಸೀಮೆಎಣ್ಣೆ ತುಂಬಿಸಿದ್ದಾನೆ ಎಂದು. ಬಂಕಿನಲ್ಲೇ ಕಲಸಿರಬಹುದು ಎಂದಾದರೂ ನಾನು ಹೇಳಬಹುದಿತ್ತು. ಸೀಮೆಎಣ್ಣೆಗೆ ಹೊಗೆ ಇಷ್ಟು ಕಪ್ಪಾಗುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಸ್ಪ್ಯಾನರ್ ಒರೆಸುತ್ತ ನಿಂತೆ. ವೀರಣ್ಣ, "ಸಾವ್ಕಾರ್ರ, ನಾನು..." ಎಂದವರು ನನ್ನ ಮುಖ ನೋಡಿ ಸುಮ್ಮನಾದರು. ನಾನು ನೋಡಿ ಹೇಳಿದ ಮೇಲೆ ಡೀಸೆಲ್ಲಿನಲ್ಲಿ ಸೀಮೆಎಣ್ಣೆ ಇರುವುದು ನಿಜವೇ ಇರಬೇಕೆಂದು ಅವರೂ ನಂಬಿದ್ದರು.

ಸಾವ್ಕಾರರು ಜೀಪಿನ ಚಾವಿಯನ್ನು ಅಲ್ಲೇ ಕೇಳಿ ತೆಗೆದುಕೊಂಡರು. ವೀರಣ್ಣ ಕುರುಗೋಡಿಗೆ ಬಸ್ಸಿನಲ್ಲಿ ಹೋದರು.

ಟ್ಯಾಂಕು ತೊಳೆದು ಹೊಸ ಡೀಸೆಲ್ ತುಂಬಿದರೂ ಜೀಪು ಎಳೆಯಲಿಲ್ಲ. ಹೊಸ ಡ್ರೈವರ್ ಅದನ್ನು ತಂದು ಬಿಟ್ಟು ಹೋದ. ಅಂದು ಮಧ್ಯಾಹ್ನ ಗಾಳಿಯ ಕೊಳವೆಯನ್ನೇ ಪೂರ್ತಿ ಬಿಚ್ಚಿದೆ. ಎಂಜಿನ್ನಿನ ಹತ್ತಿರದ ಬಾಗಿನಲ್ಲಿ, ಗಾಳಿಯ ಎಳೆತಕ್ಕೆ ಒಳಗೆ ಸರಿದು, ಎಣ್ಣೆ ಹೀರಿ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು — ನನ್ನ ಲುಂಗಿಯ ತುಂಡು. ನೋಡಿದ ಕೂಡಲೇ ಗುರುತು ಸಿಕ್ಕಿತು. ಆದರೂ ಕೈ ಮಾಡಿದ್ದೇನು ಗೊತ್ತೇ? ಅದನ್ನು ಕಸದ ಡಬ್ಬಿಯ ತಳಕ್ಕೆ ಒತ್ತಿತು.

ಸಾವ್ಕಾರರಿಗೆ, ಡೀಸೆಲ್ ಲೈನಿನಲ್ಲಿ ಉಳಿದಿದ್ದ ಹೊಲಸೆಲ್ಲ ಈಗ ಹೋಯಿತು ಎಂದೆ. ಜೀಪು ಮೊದಲಿನಂತೆ ಏರಿ ಹತ್ತಿತು. ವೀರಣ್ಣ ಹೋದ ಮೇಲೆ ಗಾಡಿ ಸರಿಯಾಯಿತು ಎಂದು ಸಿರುಗುಪ್ಪದಲ್ಲಿ ಎಲ್ಲರೂ ಆಡಿಕೊಂಡರು. ನಾನು ಮಾಡಿದ ರಿಪೇರಿಯೇ ಅವರ ವಿರುದ್ಧ ಸಾಕ್ಷಿಯಾಯಿತು. ಆ ಕಡೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ. ಕುರುಗೋಡಿನಲ್ಲಿ ಕಲ್ಲು ಕೊಯ್ಯುವ ಶೆಡ್ಡೊಂದರಲ್ಲಿ ಕಾವಲಿಗೆ ನಿಂತರು. ಮತ್ತೆ ಸ್ಟೀರಿಂಗ್ ಹಿಡಿಯಲೇ ಇಲ್ಲ.

ನನ್ನ ಮೇಲೆ ಅವರು ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಳ್ಳಾರಿಗೆ ಬಂದಾಗಲೆಲ್ಲ ಗ್ಯಾರೇಜಿಗೆ ಬಂದು ಚಹಾ ಕುಡಿದು ಹೋಗುತ್ತಿದ್ದರು. "ನಿಂದೇನು ತಪ್ಪೈತಿ? ಕಂಡದ್ದು ಹೇಳಿದಿ. ಆ ಬಂಕ್ನೋರು ಮಾಡಿದ ಕೆಲಸ," ಎಂದು ನನಗೇ ಸಮಾಧಾನ ಹೇಳುತ್ತಿದ್ದರು. ನಾನು ಅವರ ಗ್ಲಾಸಿಗೆ ಇನ್ನಷ್ಟು ಚಹಾ ಸುರಿಯುತ್ತಿದ್ದೆ.

ಅವರ ಹೆಂಡತಿ ಗಂಗಮ್ಮ ಒಮ್ಮೆ ಒಬ್ಬರೇ ಬಂದಿದ್ದರು. ಕೂತುಕೊಳ್ಳಲಿಲ್ಲ. "ಬಾಷಾ, ನೀನ ಬಿಚ್ಚಿ ನೋಡಿದಾವ. ಇವರು ಹಂಗ ಮಾಡ್ಯಾರೇನಪ? ನನಗೊಬ್ಬಾಕಿಗೆ ಹೇಳು, ಯಾರ ಮುಂದೂ ಆಡಂಗಿಲ್ಲ," ಎಂದರು.

ಎಷ್ಟು ಸುಲಭದ ಬಾಗಿಲು ತೆರೆದು ಕೊಟ್ಟಿದ್ದರು ಆಕೆ. ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಆದರೆ ಇಲ್ಲ ಎಂದರೆ ಮತ್ತೇನಾಗಿತ್ತು ಎಂದು ಕೇಳುತ್ತಾರೆ, ಆಗ — ನಾನು ನನ್ನ ಬಗ್ಗೆಯೇ ಯೋಚಿಸಿದೆ. "ಅದೆಲ್ಲ ಮುಗಿದ ಮಾತು, ಬಿಡಕ್ಕ," ಎಂದೆ. ಆಕೆ ಸೆರಗು ಹೊದ್ದುಕೊಂಡು ಹೋದರು. ನನ್ನ ಮಾತನ್ನು ಹೌದು ಎಂದು ತಿಳಿದುಕೊಂಡರು ಎಂಬುದು ಆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಕೂಗಿ ಕರೆಯಲಿಲ್ಲ ನಾನು.

ಹೋದ ವರ್ಷ ಗಂಗಮ್ಮ ತೀರಿಕೊಂಡರು. ಮಾತನಾಡಿಸಿ ಬರಲು ಕುರುಗೋಡಿಗೆ ಹೋದೆ. ವೀರಣ್ಣ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಹೊಲದ ಮಾತು ಆಡುವಷ್ಟೇ ಮೆತ್ತಗೆ ಹೇಳಿದರು:

"ಕಡೀಗೆ ನನ್ನ ಕೈ ಹಿಡಕೊಂಡು ಅಂದ್ಲಪ — ತಪ್ಪು ಎಲ್ಲಾರೂ ಮಾಡ್ತಾರ, ಆ ಡೀಸೆಲ್ಲಿಂದು ನಾ ಎಂದೋ ಮನಸಿನಾಗಿಂದ ತೆಗದು ಹಾಕೀನಿ ಅಂತ. ಮಾಡದ ತಪ್ಪಿಗೆ ನನ್ನ ಮಾಫ್ ಮಾಡಿ ಹೋದ್ಲು. ನಾ ಮಾಡಿಲ್ಲಬೇ ಅಂತ ಹೇಳಾಕೂ ಮನಸು ಬರಲಿಲ್ಲ. ಅಷ್ಟು ನೆಮ್ಮದಿಯಾಗಿದ್ಲು."

ಅಲ್ಲೇ ಹೇಳಿಬಿಟ್ಟೆ. ಬಟ್ಟೆ, ಕೊಳವೆ, ಕಸದ ಡಬ್ಬಿ — ಒಂದನ್ನೂ ಬಿಡಲಿಲ್ಲ. ಗಂಗಮ್ಮ ಬಂದು ಕೇಳಿದ್ದನ್ನೂ ಹೇಳಿದೆ.

ಉಳಿದದ್ದಕ್ಕೆಲ್ಲ ಅವರು ಅಲುಗಲಿಲ್ಲ. ಕೊನೆಯ ಮಾತಿಗೆ ಮಾತ್ರ ನನ್ನ ಕಡೆ ತಿರುಗಿದರು. "ಅಕಿ ನಿನ್ನ ಹತ್ರ ಬಂದಿದ್ಲಾ?"

"ಹೌದಣ್ಣ."

"ಬಂದು ಕೇಳಿದ್ಲಾ?"

"ಹೌದು."

ಅವರು ಎದ್ದರು. ಮೊಳಕಾಲಿಗೆ ಕೈ ಊರಿ, ನಿಧಾನಕ್ಕೆ. "ಅಕಿ ಇದ್ದಾಗ ಬರಬೇಕಿತ್ತು ಬಾಷಾ," ಎಂದಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಹಾಕಲಿಲ್ಲ. ಹೊರಗೂ ಬರಲಿಲ್ಲ. ಕಾದು ಕಾದು ನಾನೇ ಎದ್ದು ಬಂದೆ.

ಮರುದಿನ ಸಿರುಗುಪ್ಪಕ್ಕೆ ಹೋದೆ. ಸಾವ್ಕಾರರಿಗೆ ವಯಸ್ಸಾಗಿದೆ, ಮಿಲ್ಲು ಮಗ ನೋಡಿಕೊಳ್ಳುತ್ತಾನೆ. ಅಂಗಳದಲ್ಲಿ ಹಮಾಲರು ಇದ್ದರು. ಅವರೆಲ್ಲ ಕೇಳುವಂತೆ ನಿಂತು ಹೇಳಿದೆ. ಸಾವ್ಕಾರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಈಗ ಹೇಳಿ ಏನು ಮಾಡೋಣಂತಿ?" ಎಂದರು. ಆಮೇಲೆ ಅವರು ಕುರುಗೋಡಿಗೆ ಹೋಗಿ ವೀರಣ್ಣನನ್ನು ಕಂಡರಂತೆ. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕೂ ಇಲ್ಲ.

ಅಂದಿನಿಂದ ವೀರಣ್ಣ ನನ್ನ ಗ್ಯಾರೇಜಿಗೆ ಬಂದಿಲ್ಲ. ಬಳ್ಳಾರಿಗೆ ಬರುತ್ತಾರೆ, ಕಂಡವರು ಹೇಳುತ್ತಾರೆ. ನಾನು ಅವರ ಹಿಂದೆ ಹೋಗಿ ಕ್ಷಮೆ ಕೇಳುವುದಿಲ್ಲ — ಕೇಳಿದರೆ ಕೊಟ್ಟುಬಿಡುವ ಮನುಷ್ಯ ಅವರು. ಕೊಡುವ ಆ ಕಷ್ಟಕ್ಕೂ ಅವರನ್ನು ಗುರಿ ಮಾಡಲಾರೆ. ಕೌಲ್ ಬಜಾರಿನಲ್ಲಿ ಯಾರಾದರೂ ಅವರೇಕೆ ಬರುವುದಿಲ್ಲ ಎಂದು ಕೇಳಿದರೆ, ಕೆಲಸ ನಿಲ್ಲಿಸಿ, ನಾನು ಮಾಡಿದ್ದನ್ನು ಮೊದಲಿನಿಂದ ಹೇಳುತ್ತೇನೆ.